ಮೂರೂಮುಕ್ಕಾಲು ಅಡಿ ಎತ್ತರಕ್ಕೊಂದು ಪಂಪು

ದಿನವಿಡೀ ಯಂತ್ರಗಳ ನಡುವೆ ಬದುಕುವ ಗಂಡಸಿಗೆ ಮನೆಯಲ್ಲಿ ನೆಟ್ಟಗೆ ಒಂದು ಮೊಳೆ ಹೊಡೆಯಲು ಬರುವುದಿಲ್ಲ ಎಂಬುದು ನಮ್ಮ ಟಿ. ದಾಸರಹಳ್ಳಿಯ ಹೆಂಗಸರೆಲ್ಲ ಎಂದೋ ಒಪ್ಪಿಕೊಂಡಿರುವ ಸತ್ಯ. ನಾನು ಮಾತ್ರ ಬಹಳ ವರ್ಷ ಒಪ್ಪಿರಲಿಲ್ಲ. ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್. ಹಾಗೆಂದರೆ ಲಾಠಿ ಹಿಡಿದವನಲ್ಲ. ಬೇರೆಯವರು ಮೈಮುರಿದು ತಯಾರಿಸಿದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ತಲೆಯಾಡಿಸಿ ಪಕ್ಕಕ್ಕೆ ಎತ್ತಿಡುವವನು. ಪರರ ತಪ್ಪು ಹುಡುಕಲೆಂದೇ ಸಂಬಳ ಕೊಡುವ ಕೆಲಸ. ಇಂಥ ಕೆಲಸದಲ್ಲಿ ಹದಿನೈದು ವರ್ಷ ಕಳೆದವನಿಗೆ ತಾನು ತಪ್ಪು ಮಾಡಬಲ್ಲೆ ಎಂಬ ಸಂಶಯವೇ ಹೊರಟುಹೋಗಿರುತ್ತದೆ. ನನಗೆ ಅದನ್ನು ಮರಳಿ ತಂದುಕೊಟ್ಟದ್ದು ಒಂದು ಪಂಪು.

ಎಂಬತ್ತರ ದಶಕದ ಶುರುವಿನ ಮಾತು. ನನ್ನ ಮಗಳು ಚಿತ್ರಾ, ಆಗ ಅವಳಿಗೆ ಎಂಟು ವರ್ಷ, ಸೀಬೆ ಮರದಿಂದ ಬಿದ್ದು ಕಾಲು ಮುರಿದುಕೊಂಡಳು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರು. ಎರಡು ತಿಂಗಳು ಮಂಚ ಬಿಟ್ಟಿಳಿಯುವಂತಿಲ್ಲ. ವಠಾರದಲ್ಲಿ ಅವಳ ಕಾಲು ತಗುಲದ ಜಾಗವೇ ಇರಲಿಲ್ಲ, ಅಂಥವಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಊಟ ಬೇಡ, ಕಥೆ ಬೇಡ, ನಾವೂ ಬೇಡ. ನನ್ನ ಹೆಂಡತಿ ಸರಸ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುವುದು, ನಾನು ಅದನ್ನು ನೋಡದವನಂತೆ ಪೇಪರ್ ಮಡಿಸುವುದು, ಹೀಗೆ ಹದಿನೈದು ದಿನ ಹೋಯಿತು. ಆಗ ಮದ್ರಾಸಿನಿಂದ ಸರಸಳ ತಮ್ಮ ಗೋಪಿ ಬಂದ. ಅವನು ಅಲ್ಲಿ ಮೀನುಗಾರಿಕೆ ಕಚೇರಿಯೊಂದರಲ್ಲಿ ಗುಮಾಸ್ತ. ಎಲ್ಲರ ಮನೆಗೂ ನೆಂಟರು ಹಣ್ಣು ತಂದರೆ ಇವನು ರೈಲಿನಲ್ಲಿ ಸಮುದ್ರ ತಂದಿದ್ದ! ನಾಲ್ಕು ದೊಡ್ಡ ಕ್ಯಾನುಗಳ ತುಂಬ ಉಪ್ಪುನೀರು, ಒಂದು ಬುಟ್ಟಿ ಸಮುದ್ರದ ಕಲ್ಲು, ಕಲ್ಲಿಗಂಟಿಕೊಂಡು ಸೇವಂತಿಗೆಯಂತೆ ಅರಳುವ ಒಂದು ಜೀವಿ, ಅದರ ಎಸಳುಗಳ ನಡುವೆ ಕಣ್ಣಾಮುಚ್ಚಾಲೆಯಾಡುವ, ಕಿತ್ತಳೆ ಮೈಗೆ ಬಿಳಿ ಪಟ್ಟೆ ಹೊದ್ದ ಎರಡು ಪುಟ್ಟ ಮೀನು. ಮಂಚದ ಪಕ್ಕ ಮೇಜಿನ ಮೇಲೆ ಗಾಜಿನ ತೊಟ್ಟಿ ಕೂತ ದಿನ ಚಿತ್ರಾ ಗೋಡೆ ಬಿಟ್ಟು ಈ ಕಡೆ ತಿರುಗಿದಳು. ಮೀನುಗಳಿಗೆ ರಂಗ, ರಂಗಿ ಎಂದು ಹೆಸರಿಟ್ಟಳು. ಎರಡು ತುತ್ತು ಹೆಚ್ಚಿಗೆ ಉಂಡಳು. ಆ ಎರಡು ತುತ್ತಿಗಾಗಿ ನಾನು ಗೋಪಿಯ ಕಾಲಿಗೂ ಬೀಳುತ್ತಿದ್ದೆ, ವಯಸ್ಸಿನಲ್ಲಿ ಅವನು ಚಿಕ್ಕವನಾದ್ದರಿಂದ ತಡೆದುಕೊಂಡೆ.

ತೊಟ್ಟಿಯ ಮೇಲಂಚಿನ ತೂತಿನಿಂದ ನೀರು ಕೊಳವೆಯಲ್ಲಿಳಿದು ಮೇಜಿನ ಕೆಳಗಿನ ಪ್ಲಾಸ್ಟಿಕ್ ಟಬ್ಬಿಗೆ ಬೀಳಬೇಕು. ಅಲ್ಲಿ ಮರಳು, ಚಿಪ್ಪುಗಳ ನಡುವೆ ಸೋಸಿಕೊಂಡು ಮತ್ತೆ ಮೇಲಕ್ಕೆ ಹೋಗಬೇಕು. ಹೊರಡುವಾಗ ಗೋಪಿ ಹೇಳಿದ: "ಭಾವ, ನೀರು ನಿಂತ್ರೆ ಮೀನು ಉಳಿಯಲ್ಲ. ಮೇಲಕ್ಕೆ ಹತ್ತಿಸೋಕೆ ಒಂದು ಪಂಪ್ ನೀವೇ ನೋಡಿ ಹಾಕ್ಬಿಡಿ. ಅಲ್ಲೀವರೆಗೂ ಚೊಂಬಲ್ಲಿ ಎತ್ತಿ ಹಾಕ್ತಿರಿ. ಮಿಷನ್ನಿನ ವಿಷಯ, ನಿಮಗೆ ಹೇಳೋದೇನಿದೆ?"

ಈ ಕೊನೆಯ ಮಾತೇ ನನ್ನನ್ನು ಹಾಳು ಮಾಡಿದ್ದು. ಹೇಳುವುದು ಬೇಕಾದಷ್ಟಿತ್ತು, ಆದರೆ ನಾನು ಕೇಳಲಿಲ್ಲ. ಮಾರನೆಯ ದಿನವೇ ಯಂತ್ರದ ಸಾಮಾನುಗಳ ಪೇಟೆಯಾದ ಎಸ್.ಪಿ. ರೋಡಿಗೆ ಹೋಗಿ, ಅಂಗಡಿಯವನು ತೋರಿಸಿದ ಮೊದಲನೆಯ ಪಂಪನ್ನೇ, ಏರ್ ಕೂಲರಿಗೆ ಹಾಕುವಂಥದ್ದನ್ನು, ಬಲ್ಲವನಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ತಂದೆ. ಯಾಕೆ ಅಲ್ಲಾಡಿಸಿದೆನೋ ಇವತ್ತಿಗೂ ತಿಳಿಯದು. ತೆಂಗಿನಕಾಯಿ ಕೊಳ್ಳುವ ಅಭ್ಯಾಸ ಇರಬೇಕು. ಎರಡು ದಿನ ಸೊಗಸಾಗಿ ಓಡಿತು. ಮೂರನೆಯ ದಿನ ಟಬ್ಬಿನ ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಪಂಪಿನ ಸ್ಕ್ರೂಗಳನ್ನೆಲ್ಲ ಉಪ್ಪು ತಿಂದು ತೇಗಿತ್ತು. ನೋಡೋಣವೆಂದು ಕೈ ಹಾಕಿದೆ ನೋಡಿ, ಉಪ್ಪುನೀರಿನಲ್ಲಿ ಹೊಂಚುಹಾಕಿದ್ದ ಕರೆಂಟು ನನ್ನನ್ನು ಬಾಗಿಲವರೆಗೆ ಒಗೆಯಿತು. ನಾನು ಒಂದೇ ಕಾಲಿನಲ್ಲಿ "ಹೋ ಹೋ" ಎಂದು ಕುಣಿಯುತ್ತಿದ್ದರೆ ಮಂಚದ ಮೇಲಿಂದ ನಗು ಕೇಳಿಸಿತು. ಕಾಲು ಮುರಿದ ಮೇಲೆ ಚಿತ್ರಾ ನಕ್ಕದ್ದು ಅದೇ ಮೊದಲು. ಅವಳು ನಗುವುದನ್ನು ನೋಡಿ ಸರಸಳೂ ನಕ್ಕಳು. ಆಮೇಲೆ ಸ್ವಿಚ್ ಆರಿಸಿದಳು.

ಎರಡನೆಯದು ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದ ನಂಜುಂಡಯ್ಯನವರ ಕೃಪೆ. ನನ್ನ ಕಥೆ ಕೇಳಿ ಅವರು ಕ್ಯಾಂಟೀನಿನಲ್ಲಿ ಮೇಜು ಗುದ್ದಿದರು. "ಕೂಲರ್ ಪಂಪು ಒಂದು ಪಂಪೇನ್ರೀ? ಪಂಪ್ ಅಂದ್ರೆ ಕಬ್ಬಿಣ ಕಡೆಯೋ ಲೇತಿಗೆ ಬಿಸಿಯಾಗದ ಹಾಗೆ ಕೂಲೆಂಟ್ ಸುರಿಯುತ್ತಲ್ಲ, ಅದು ಕಣ್ರೀ ಪಂಪು! ನಮ್ಮನೇಲೊಂದು ಹಳೇದಿದೆ, ತಗೊಂಡ್ಹೋಗಿ." ಮನುಷ್ಯ ಚಿನ್ನದಂಥವರು. ಪಂಪನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸೋಪು ಹಾಕಿ ಉಜ್ಜಿ, ಎರಡು ಸಲ ಬಣ್ಣ ಬಳಿದು ಕೊಟ್ಟರು. ಮಗುವಿನಷ್ಟು ಭಾರವಿತ್ತು. ಭಾನುವಾರ ಬೆಳಗ್ಗೆ ಜೋಡಿಸಿ, ಸರಸಳನ್ನು ದೂರ ನಿಲ್ಲಿಸಿ, ಸ್ವಿಚ್ ಹಾಕಿದೆ.

ಟಬ್ಬು ಒಂದೇ ಗುಟುಕಿಗೆ ಖಾಲಿಯಾಯಿತು. ಮೇಲಿನ ತೊಟ್ಟಿ ಉಕ್ಕಿ, ಕೋಣೆ ತುಂಬಿ, ಹೊಸ್ತಿಲು ದಾಟಿ, ಗೋಪಿ ಕಷ್ಟಪಟ್ಟು ಹೊತ್ತು ತಂದಿದ್ದ ಬಂಗಾಳ ಕೊಲ್ಲಿಯ ಮುಕ್ಕಾಲು ಪಾಲು ಮೆಟ್ಟಿಲಿಳಿದು ಕೆಳಗಿನ ಮನೆಯ ಅಂಗಳದಲ್ಲಿ ಒಣಹಾಕಿದ್ದ ರಾಗಿಗೆ ಸೇರಿತು. ರಂಗಿಯೂ ನೀರಿನ ಜೊತೆಗೇ ಹಾರಿ ಚಿತ್ರಾಳ ಹಾಸಿಗೆಗೆ ಬಿದ್ದಳು. ನಾನು ಸ್ವಿಚ್ಚಿಗೆ ಓಡಿದೆ, ಸರಸ ಕಿರುಚಿದಳು. ಮಂಚದಿಂದ ಏಳಲಾರದ ಹುಡುಗಿ ಮಾತ್ರ ಗಂಜಿ ಕುಡಿದ ಬಟ್ಟಲಿಗೆ ತೊಟ್ಟಿಯ ನೀರು ಮೊಗೆದು, ಮೀನನ್ನು ಅಂಗೈಯಲ್ಲಿ ಬಾಚಿ ಅದಕ್ಕೆ ಬಿಟ್ಟಳು. "ಅಪ್ಪ, ಉಸಿರಾಡ್ತಿದೆ! ಬೇಗ ಏನಾದ್ರೂ ಮಾಡಪ್ಪ," ಎಂದಳು. ಹದಿನೈದು ವರ್ಷದ ಅನುಭವಸ್ಥನಾದ ನನಗೆ ಏನು ಮಾಡಬೇಕೆಂದು ಹೊಳೆಯಲಿಲ್ಲ. ಅವಳ ಮುಖ ನೋಡುವುದಕ್ಕೂ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು. ಕೆಳಗಿನ ಮನೆಯಲ್ಲೇ ಇರುವ ನಮ್ಮ ಮಾಲೀಕರು ಮುನಿವೆಂಕಟಪ್ಪನವರು. ಪೀಣ್ಯ ಇನ್ನೂ ಹೊಲವಾಗಿದ್ದಾಗಿನಿಂದ ಅಲ್ಲಿ ಬೇಸಾಯ ಮಾಡಿದವರು. ಮನೆ ಖಾಲಿ ಮಾಡಿ ಎನ್ನುವರೆಂದು ನಾನು ಕೈಮುಗಿದು ನಿಂತೆ. ಅವರು ಒದ್ದೆ ನೆಲ, ಪಂಪು, ಬಟ್ಟಲಿನ ಮೀನು, ಎಲ್ಲವನ್ನೂ ನಿಧಾನವಾಗಿ ನೋಡಿದರು.

"ಏನ್ ಸಾಮಿ, ಮಹಡಿ ಮ್ಯಾಲೆ ಬೋರ್ ಹಾಕುಸ್ದ್ರಾ? ರಾಗಿ ಉಪ್ಪುಪ್ಪಾಗೈತೆ."

ನಾನು ತೊದಲುತ್ತ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: "ನೀರು ಎಷ್ಟ್ ಎತ್ರ ಏರ್ಬೇಕು?"

ನನ್ನ ಕೈ ಜೇಬಿಗೆ ಹೋಯಿತು. ಅಳತೆಯೇ ಅನ್ನವಾಗಿದ್ದವನು, ಅಂಗಿಯ ಜೇಬಿನಲ್ಲಿ ಆಗಲೂ ಸ್ಟೀಲ್ ಸ್ಕೇಲ್ ಇದ್ದವನು, ಅದೊಂದನ್ನು ಅಳೆದಿರಲಿಲ್ಲ.

"ಬಾವಿ ಆಳ ನೋಡ್ದೆ ಯಾವನಾನ ಮೋಟ್ರು ತತ್ತಾನಾ ಸಾಮಿ? ಎಷ್ಟ್ ಎತ್ರ, ಎಷ್ಟ್ ನೀರು, ನೀರು ಸೀಯೋ ಸವುಳೋ, ಮೂರು ಕೇಳ್ಬೇಕು. ಎಲ್ಲಿ, ಇಡ್ರಿ ಅಳ್ತೆ," ಎಂದರು. ಅಳೆದೆ. ಮೂರೂಮುಕ್ಕಾಲು ಅಡಿ. ಆ ಲೇತಿನ ಪಂಪು ಒಂದು ಸಣ್ಣ ಕೆರೆಯನ್ನೇ ಎರಡನೆಯ ಮಹಡಿಗೆ ಏರಿಸುವಂಥದ್ದು. ಮುನಿವೆಂಕಟಪ್ಪನವರು ಅದನ್ನು ಬೆರಳಲ್ಲಿ ತಟ್ಟಿ, "ಸವುಳು ನೀರಿಗೆ ಕಬ್ಬಿಣ ಆಗಾಕಿಲ್ಲ. ನಮ್ ಶೆಡ್ಡಾಗೆ ಬಾಡಿಗೆಗವ್ನಲ್ಲ ಅನ್ವರು, ಸೈಕಲ್ ಸಾಮಾನಿಗೆ ಪಾಲಿಸು ಕೊಡೋನು, ಅವ್ನು ಆಸಿಡ್ಡನ್ನೇ ಪಂಪಲ್ಲಿ ತಿರುಗುಸ್ತಾನೆ. ಅವ್ನ್ ತಾವ ಓಗಿ," ಎಂದರು. ರಾಗಿಯ ಮಾತು ಮತ್ತೆ ಎತ್ತಲೇ ಇಲ್ಲ. ಸಂಜೆ ಅವರ ಹೆಂಡತಿ ಚಿಕ್ಕತಾಯಮ್ಮನವರು ತಾವಾಗಿಯೇ ಮೇಲೆ ಬಂದು, "ನೀನು ಅಡ್ಗೆ ಮಾಡೋಗವ್ವ," ಎಂದು ಸರಸಳ ಕೈಯಿಂದ ಚೊಂಬು ಇಸಿದುಕೊಂಡು, ಉಳಿದಿದ್ದ ಕಾಲು ಪಾಲು ಸಮುದ್ರವನ್ನು ಟಬ್ಬಿನಿಂದ ತೊಟ್ಟಿಗೆ ಎತ್ತಿ ಹಾಕುತ್ತ ಕೂತರು. ನಾನು ಹೊಸ ನೀರು ಬೇಕೆಂದು ಗೋಪಿಗೆ ತಂತಿ ಕೊಟ್ಟು ಬಂದೆ.

ಅನ್ವರ್ ಹೆಸರು ಕೇಳಿದಾಗಿನಿಂದ ಬೇರೆ ಯಾರ ಹತ್ತಿರವಾದರೂ ಪಂಪು ಸಿಕ್ಕೀತೇ ಎಂದು ಯೋಚಿಸುತ್ತಿದ್ದೆ. ಅದಕ್ಕೆ ಕಾರಣವನ್ನು ಆ ದಿನ ಸರಸಳಿಗೂ ಹೇಳಲಿಲ್ಲ. ಅವನ ಶೆಡ್ಡು ನಮ್ಮ ಕಾರ್ಖಾನೆಯ ಹಿಂಗೋಡೆಗೆ ಅಂಟಿಕೊಂಡಿದೆ. ಎರಡು ವರ್ಷದ ಹಿಂದೆ, ಆ ಶೆಡ್ಡಿನ ಹೊಗೆಯಿಂದ ನಮಗೆ ಗಂಟಲು ಕಟ್ಟುತ್ತದೆಂದು ನಮ್ಮ ವಿಭಾಗದವರೆಲ್ಲ ಸೇರಿ ಒಂದು ಅರ್ಜಿ ಹಾಕಿದ್ದೆವು. ಅರ್ಜಿ ಬರೆದವನು ನಾನು. ಬರೆದದ್ದಷ್ಟೇ ಅಲ್ಲ, ಸವಿದು ಸವಿದು ಬರೆದಿದ್ದೆ. "ನಾಗರಿಕ ಜನತೆಯ ಶ್ವಾಸಕೋಶಗಳ ಮೇಲೆ ನಡೆಯುತ್ತಿರುವ ಈ ದಾಳಿ" ಎಂಬ ವಾಕ್ಯವನ್ನು ಕ್ಯಾಂಟೀನಿನಲ್ಲಿ ಎರಡು ಸಲ ಓದಿಸಿಕೊಂಡಿದ್ದರು.

ಸೋಮವಾರ ಶಿಫ್ಟು ಮುಗಿದ ಮೇಲೆ, ಕಾರ್ಖಾನೆಯ ಬ್ಯಾಡ್ಜನ್ನು ಜೇಬಿಗಿಳಿಸಿ, ಶೆಡ್ಡಿನ ಬಾಗಿಲಲ್ಲಿ ನಿಂತೆ. ಅನ್ವರ್ ನಲವತ್ತರ ಸಣಕಲು ಮನುಷ್ಯ, ಬೆರಳುಗಳೆಲ್ಲ ಹಳದಿಗಟ್ಟಿದ್ದವು. ನನ್ನ ಮಾತು ಪೂರ್ತಿ ಕೇಳಿ, ಪಂಪಿನ ಬಗ್ಗೆ ಏನೂ ಹೇಳದೆ, "ಮಗೂ ಕಾಲು ಈಗ ಹೆಂಗಿದೆ ಸಾರ್?" ಎಂದ. ಆಮೇಲೆ ಒಳಗಿನಿಂದ, ಇನ್ನೂ ಪೆಟ್ಟಿಗೆಯಲ್ಲೇ ಇದ್ದ ಒಂದು ಪುಟ್ಟ ಪಂಪು ತಂದ. "ನೀರು ಮುಟ್ಟೋ ಕಡೆ ಎಲ್ಲಾ ಪ್ಲಾಸ್ಟಿಕ್, ಮೋಟ್ರು ಹೊರಗೆ. ನಾನೂ ಅಳತೆ ನೋಡ್ದೆ ತಂದ್ಬಿಟ್ಟೆ ಸಾರ್, ನಮ್ಮ ಆಸಿಡ್ ತೊಟ್ಟಿಗೆ ಚಿಕ್ಕದಾಯ್ತು. ನಿಮ್ದುಕ್ಕೆ ಸರಿಹೋಗ್ತದೆ." ಅಳತೆ ನೋಡದೆ ತಂದವನು ನಾನೊಬ್ಬನೇ ಅಲ್ಲ ಎಂದು ತಿಳಿದು ಅವನನ್ನು ತಬ್ಬಿಕೊಳ್ಳಬೇಕೆನಿಸಿತು.

ಅನ್ವರ್ ತಾನೇ ಸ್ಕೂಟರಿನಲ್ಲಿ ನನ್ನನ್ನು ಕೂರಿಸಿಕೊಂಡು ಬಂದು ಪಂಪು ಜೋಡಿಸಿದ. ಮೇಲೇರುವ ಕೊಳವೆಗೆ ಒಂದು ನಲ್ಲಿ ಇಟ್ಟು, "ಜಾಸ್ತಿ ಬಂದ್ರೆ ತಿರುಗಿಸಿ," ಎಂದ. ಆಮೇಲೆ ಒಂದು ದಬ್ಬಳವನ್ನು ಒಲೆಯಲ್ಲಿ ಕಾಯಿಸಿ, ತೊಟ್ಟಿಯ ನೀರಿನ ಮಟ್ಟಕ್ಕೆ ಸರಿಯಾಗಿ ಅದೇ ಕೊಳವೆಗೆ ಸಣ್ಣ ತೂತು ಮಾಡಿದ. ಹೊಸ ಕೊಳವೆಗೆ ತೂತೇ ಎಂದು ನಾನು ಕಣ್ಣರಳಿಸಿದೆ. "ಕರೆಂಟ್ ಹೋದಾಗ ಮೇಲಿನ ನೀರು ಇದೇ ಪೈಪಲ್ಲಿ ವಾಪಸ್ ಇಳೀತದೆ ಸಾರ್. ತೂತಿದ್ರೆ ಗಾಳಿ ಎಳ್ಕೊಂಡು ನಿಂತೋಗ್ತದೆ. ಇಲ್ಲಾಂದ್ರೆ ಮತ್ತೆ ಕೆಳಗಿನವರ ರಾಗಿ!" ಸ್ವಿಚ್ ಹಾಕಿದ. ಹಿತ್ತಾಳೆ ಗಿಂಡಿಯಿಂದ ಸುರಿದ ಹಾಗೆ ನೀರು ತೆಳ್ಳಗೆ, ಒಂದೇ ಸಮನೆ ತೊಟ್ಟಿಗೆ ಬಿತ್ತು. ಚಿತ್ರಾ ಗಾಜಿಗೆ ಮೂಗೊತ್ತಿ ಕೂತಳು. ಗುರುವಾರ ಮದ್ರಾಸಿನ ರೈಲಿನಲ್ಲಿ ಹೊಸ ನೀರು ಬರುವವರೆಗೂ ರಂಗ, ರಂಗಿ ಇಬ್ಬರೂ ಆ ಕಾಲು ಪಾಲು ಸಮುದ್ರದಲ್ಲೇ ಜೀವ ಹಿಡಿದುಕೊಂಡರು. ಪ್ಲಾಸ್ಟರು ಬಿಚ್ಚಿದ ದಿನ ಚಿತ್ರಾ ಇಟ್ಟ ಮೊದಲ ನಾಲ್ಕು ಹೆಜ್ಜೆ ಮಂಚದಿಂದ ತೊಟ್ಟಿಯವರೆಗೆ.

ಅದಿರಲಿ, ಅನ್ವರ್ ಬಂದಿದ್ದ ಸಂಜೆಯ ಮಾತು ಇನ್ನೂ ಮುಗಿದಿಲ್ಲ. ಸರಸ ಕಾಫಿ ಕೊಟ್ಟಳು. ಎಷ್ಟಾಯಿತೆಂದು ಕೇಳಿದರೆ ಅವನು ತಲೆಯಾಡಿಸಿದ. ನನಗೆ ತಡೆಯಲಾಗಲಿಲ್ಲ. "ಅನ್ವರ್, ನಿಮ್ಮ ಮೇಲೆ ಅರ್ಜಿ ಬರೆದವನು ನಾನೇ," ಎಂದುಬಿಟ್ಟೆ.

"ಗೊತ್ತು ಸಾರ್. ಕೆಳಗೆ ನಿಮ್ಮ ಹೆಸರೇ ದೊಡ್ಡದಾಗಿತ್ತಲ್ಲ," ಎಂದ ಅವನು, ಲೋಟದಲ್ಲಿ ಊದುತ್ತ. "ಆಫೀಸರು ಬಂದು ಓದಿ ಹೇಳಿದ್ರು. ಮೊದಲು ಬೇಜಾರಾಯ್ತು. ಆಮೇಲೆ ಹೊಗೆ ಎಳೆಯೋ ಫ್ಯಾನು, ಎತ್ತರದ ಚಿಮಣಿ ಹಾಕಿಸ್ದೆ. ನಂದೇ ಕೆಮ್ಮು ಹೋಯ್ತು ಸಾರ್, ಹತ್ತು ವರ್ಷದ್ದು. ನಿಮಗೆ ಬಂದು ಹೇಳ್ಬೇಕು ಅಂತಿದ್ದೆ. ನಿಮ್ಮ ಕನ್ನಡ ಕೇಳಿ ಭಯ ಆಯ್ತು." ಕಾಫಿ ಮುಗಿಸಿ, ಸ್ವಲ್ಪ ಸಂಕೋಚದಿಂದ ಮುಂದುವರಿಸಿದ: "ಪಂಪಿಗೆ ಏನೂ ಬೇಡ. ನಮ್ಮ ಶೆಡ್ಡಿನ ಸಾಲಿಗೆ ಕರೆಂಟು ಸರಿಯಾಗಿ ಬರಲ್ಲ. ಒಂದು ಅರ್ಜಿ ಬರ್ದುಕೊಡಿ ಸಾರ್. ನೀವು ಬರೆದ್ರೆ ಕೆಲಸ ಆಗ್ತದೆ."

ಆವತ್ತಿನಿಂದ ಆ ಸಾಲಿನ ಅಷ್ಟೂ ಶೆಡ್ಡುಗಳಿಗೆ ನಾನೇ ಆಸ್ಥಾನದ ಅರ್ಜಿ ಬರಹಗಾರ. ಕರೆಂಟಿಗೆ, ಚರಂಡಿಗೆ, ಬೀದಿದೀಪಕ್ಕೆ, ಎಷ್ಟು ಬರೆದೆನೋ ಲೆಕ್ಕವಿಲ್ಲ. ಪ್ರತಿಯೊಂದನ್ನೂ ಅತ್ಯಂತ ಪ್ರೀತಿಯಿಂದ, ತುಂಬು ಕೃತಜ್ಞತೆಯಿಂದ ಬರೆದಿದ್ದೇನೆ. ಇವತ್ತಿನವರೆಗೆ ಒಂದಕ್ಕೂ ಉತ್ತರ ಬಂದಿಲ್ಲ.