ಬದುಕಿ ಬಂದರೆ ಕುಣಿಯಬೇಕಿಲ್ಲ

ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಯಃಕಶ್ಚಿತ್ ಒಂದು ದಾಳ ನನ್ನನ್ನು ಸೋಲಿಸುವುದುಂಟೇ? ಆ ಭಾನುವಾರ ಶಿಡ್ಲಘಟ್ಟದಲ್ಲಿ ಇಳಿದು ದೊಡ್ಡಮ್ಮನ ಊರಾದ ದಿಬ್ಬೂರಹಳ್ಳಿಯ ಬಸ್ಸು ಹತ್ತಿದಾಗ ನನ್ನ ಆತ್ಮವಿಶ್ವಾಸ ಈ ಮಟ್ಟದಲ್ಲಿತ್ತು.

ದೊಡ್ಡಮ್ಮನ ಮಗಳು ಕಾವ್ಯಳ ಮದುವೆ ನಿಶ್ಚಯವಾಗಿತ್ತು. ಚಿಂತಾಮಣಿಯ ಛತ್ರದಲ್ಲಿ ರಿಸೆಪ್ಷನ್. ಅಲ್ಲಿ ಹೆಣ್ಣಿನ ಕಡೆಯ ಅಕ್ಕತಂಗಿಯರೆಲ್ಲ ವೇದಿಕೆ ಹತ್ತಿ ಕುಣಿಯಬೇಕೆಂದು ಅವಳೊಂದು ಪಟ್ಟಿ ಮಾಡಿದ್ದಳು. ಮೊದಲ ಹೆಸರೇ ನನ್ನದು! ನಾನೋ, ಗುಂಪು ಫೋಟೊದಲ್ಲೂ ಕಂಬದ ಹಿಂದೆ ಜಾಗ ಹುಡುಕುವವಳು.

ಹೆಸರು ತೆಗೆಯಲು ಬೇಡಿಕೊಂಡೆ. ಕಾವ್ಯ ಒಂದು ಷರತ್ತು ಹಾಕಿದಳು.

"ಅಕ್ಕ, ನನ್ನ ಆಟ ಆಡು. ಕೋಟೆ ಒಳಗೆ ಹೋಗಿ ನಿಧಿ ತಗೊಂಡು ಬದುಕಿ ಬಂದ್ರೆ ನಿನ್ನ ಹೆಸರು ಹೊಡೆದು ಹಾಕ್ತೀನಿ. ಕಾಲೇಜಲ್ಲಿ ಆಡಿದೋರು ಒಬ್ರೂ ಬದುಕಿ ಬಂದಿಲ್ಲ ಮತ್ತೆ! ಪಾಪ ಅಂತ ನಿನಗೆ ಮೂರು ಜೀವ ಕೊಡ್ತೀನಿ."

ಆಟ ಸರಳ. ಕಾವ್ಯ ಕಥೆ ಹೇಳುತ್ತಾಳೆ. ನಾವು ಕಾಗದದ ಮೇಲೆ ಒಂದು ಪಾತ್ರ ಬರೆದುಕೊಂಡು, ಆ ಕಥೆಯೊಳಗೆ ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು. ಅದು ನಡೆಯುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ; ದೊಡ್ಡ ಸಂಖ್ಯೆ ಬಿದ್ದಷ್ಟೂ ಒಳ್ಳೆಯದು. ನಾನು ಮೂರು ದಿನ ಅಧ್ಯಯನ ನಡೆಸಿ, ಮೂರು ಪಾತ್ರಗಳನ್ನು ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಸಿದ್ಧಪಡಿಸಿದ್ದೆ.

ಜೊತೆಗೊಬ್ಬರು ಬೇಕಿತ್ತೆಂದು ದೊಡ್ಡಮ್ಮನನ್ನೂ ಜಗುಲಿಗೆ ಎಳೆತಂದು ಕೂರಿಸಿದೆವು.

"ನಿನ್ನ ಪಾತ್ರದ ಹೆಸರೇನಮ್ಮ?" ಎಂದಳು ಕಾವ್ಯ.

"ಲಕ್ಷ್ಮಮ್ಮ."

"ಅದು ನಿನ್ನ ಹೆಸರೇ ಅಲ್ವಾ?"

"ಈ ವಯಸ್ಸಲ್ಲಿ ಇನ್ನೊಂದು ಎಲ್ಲಿಂದ ತರ್ಲಿ? ನಾನು ಒಳಗೆಲ್ಲ ಬರಲ್ಲ ಕಣೇ. ಬಾಗಿಲಲ್ಲೇ ಕೂತಿರ್ತೀನಿ. ನಾಲ್ಕು ಗಂಟೆಗೆ ಹುಳಕ್ಕೆ ಸೊಪ್ಪು ಹಾಕ್ಬೇಕು."

ದೊಡ್ಡಮ್ಮನ ರೇಷ್ಮೆಹುಳುಗಳ ಮುಂದೆ ಯಾವ ನಿಧಿಯೂ ನಿಲ್ಲದು. ನಾನೊಬ್ಬಳೇ ಕೋಟೆ ಹೊಕ್ಕೆ.

ನನ್ನ ಮೊದಲ ಪಾತ್ರ ಮಹಾವೀರೆ. ಯಾವ ವಿಷವೂ ತಾಗದ ಕಬ್ಬಿಣದ ಬೂಟು ಅವಳ ಪ್ರಧಾನ ಆಸ್ತಿ.

"ಒಂದು ಕೋಣೆ. ದೀಪ ಉರೀತಿದೆ. ಎದುರಿಗೆ ಕಲ್ಲಿನ ದೇವಿ," ಎಂದಳು ಕಾವ್ಯ.

"ಬೂಟು ಹೊರಗೆ ಬಿಟ್ಟು ಒಳಗೆ ಹೋಗ್ತೀನಿ."

"ಏನಂದೆ?"

"ದೇವರ ಮನೆ ಕಣೇ. ಬೂಟು ಹಾಕ್ಕೊಂಡು ಹೋಗ್ಲಾ?"

"ಹೋಗಿ ಬಾಮ್ಮ, ಬೂಟು ನಾನು ನೋಡ್ಕೋತೀನಿ," ಎಂದರು ದೊಡ್ಡಮ್ಮ.

"ನೆಲದ ತುಂಬ ವಿಷದ ಮುಳ್ಳು, ಅಕ್ಕ," ಎಂದಳು ಕಾವ್ಯ.

ಮಹಾವೀರೆ ನಾಲ್ಕೇ ನಿಮಿಷದಲ್ಲಿ ದಿವಂಗತಳಾದಳು!

ಎರಡನೆಯವಳು ಮಂತ್ರವಾದಿನಿ. ಬೂಟು ಕೇಳಿದರೆ, "ಸತ್ತೋರ ಬೂಟು ಹಾಕ್ಕೋಬಾರದಮ್ಮ," ಎಂದು ದೊಡ್ಡಮ್ಮ ಕೊಡಲಿಲ್ಲ. ದೇವಿಗೆ ಹೊಸ್ತಿಲಿನಿಂದಲೇ ಕೈ ಮುಗಿದು ಪಕ್ಕದ ದಾರಿ ಹಿಡಿದೆ. ಅಲ್ಲೊಬ್ಬ ಅಜ್ಜಿ ಕುಂಕುಮ ಕೊಟ್ಟು, ಒಂದು ಲೋಟ ಪಾನಕ ಮುಂದೆ ಹಿಡಿದಳು.

ಪಾನಕ ವಿಷವಾಗಿರುವ ಸಂಭವವನ್ನು ಶೇಕಡಾವಾರು ಲೆಕ್ಕ ಹಾಕಿದೆ. ತೊಂಬತ್ತೈದು.

"ಬೇಡಜ್ಜಿ, ಈಗ ತಾನೇ ಕುಡಿದು ಬಂದೆ," ಎಂದೆ.

ಕಾವ್ಯ ಅಜ್ಜಿಯ ದನಿ ತೆಗೆದಳು. "ಬಡವರ ಮನೆ ಪಾನಕ, ನಿನಗೆ ಸೇರುತ್ತೇನಮ್ಮ? ಬಿಡು."

ಇಷ್ಟಾದ ಮೇಲೆ ಕುಡಿಯದಿರಲು ಮನುಷ್ಯರಿಂದ ಸಾಧ್ಯವೇ? ಕುಡಿದೆ.

"ವಿಷ!" ಎಂದಳು ಕಾವ್ಯ.

"ನಾನು ಅರ್ಧ ಲೋಟ ಮಾತ್ರ ಕುಡಿದದ್ದು!"

"ಸರಿ, ನಿಧಾನವಾಗಿ ಸಾಯಿ."

ಮೂರನೆಯವಳು ಕಳ್ಳಿ. ಇನ್ನು ಮೇಲೆ ಯಾರ ಮುಖವನ್ನೂ ನೋಡುವುದಿಲ್ಲ, ಯಾವ ಮುಲಾಜಿಗೂ ಬೀಳುವುದಿಲ್ಲ ಎಂದು ನಿರ್ಧರಿಸಿದೆ. ಅಜ್ಜಿಯ ಪಾನಕವನ್ನು ದಾಟಿದೆ. ದಾಳ ಹದಿನೆಂಟು ಬಿತ್ತು, ಹತ್ತೊಂಬತ್ತು ಬಿತ್ತು. ಕೊನೆಯ ಕೋಣೆಯಲ್ಲಿ ರಾಕ್ಷಸ ಗೊರಕೆ ಹೊಡೆಯುತ್ತಿದ್ದ. ಅವನ ತಲೆದಿಂಬಿನಡಿಯಿಂದ ನಿಧಿಯ ಪೆಟ್ಟಿಗೆ ಎಳೆದು ಕಂಕುಳಲ್ಲಿಟ್ಟುಕೊಂಡೆ. ಪಟ್ಟಿಯಿಂದ ನನ್ನ ಹೆಸರು ಅಳಿಸಿಹೋಗುವುದು ಕಣ್ಣಿಗೆ ಕಾಣುತ್ತಿತ್ತು!

"ಹೊರಡ್ತಿದ್ದೀಯಾ?" ಎಂದಳು ಕಾವ್ಯ.

"ಹೂಂ. 'ಬರ್ತೀನಿ' ಅಂತ ಹೇಳಿ ಹೊರಡ್ತೀನಿ."

ಕಾವ್ಯ ನನ್ನತ್ತ ಬಾಗಿದಳು.

"ಯಾರಿಗೆ ಹೇಳಿದೆ, ಅಕ್ಕ?"

ನನಗೇ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಯಾರ ಮನೆಯಿಂದಲೂ ಹೇಳದೆ ಹೊರಟವಳಲ್ಲ ನಾನು. ಬಾಯಿ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತ್ತು.

"ರಾಕ್ಷಸ ಎದ್ದ," ಎಂದಳು ಕಾವ್ಯ. ದಾಳ ಉರುಳಿಸಿದೆ. ಒಂದು!

"ಹೇಳ್ದೆ ಹೊರಡೋಕಾಗುತ್ತೇನೇ? ಮಗು ಸರಿಯಾಗೇ ಮಾಡ್ತು," ಎಂದು ದೊಡ್ಡಮ್ಮ ನನ್ನ ಪರ ವಾದಿಸಿದರು. ಅಷ್ಟರಲ್ಲಿ ನನ್ನನ್ನು ನುಂಗಿದ ರಾಕ್ಷಸ, ಪೆಟ್ಟಿಗೆ ಹಿಡಿದು ಬಾಗಿಲಿಗೇ ಬಂದ.

"ಅಮ್ಮ, ನಿನ್ನ ಎದುರಿಗೇ ನಿಂತಿದಾನೆ. ಏನು ಮಾಡ್ತೀಯಾ?"

ದೊಡ್ಡಮ್ಮ ತಲೆಯೆತ್ತಿದರು. ಹುಳುಮನೆಗೆ ನುಗ್ಗುವವರನ್ನು ಅವರು ತಡೆಯುವ ದನಿ ಊರಿಗೆಲ್ಲ ಗೊತ್ತು.

"ಏಯ್! ನಿಂತ್ಕೋ ಅಲ್ಲೇ! ಕೈಲಿರೋದು ಕೆಳಗಿಡು! ಕಾಲು ತೊಳ್ಕೊಂಡು ಬಾ, ಹೋಗು!"

ದಾಳ ಉರುಳಿತು. ಇಪ್ಪತ್ತು!

ರಾಕ್ಷಸ ಪೆಟ್ಟಿಗೆ ಕೆಳಗಿಟ್ಟು ಕಾಲು ತೊಳೆಯಲು ಹೋದ. ದೊಡ್ಡಮ್ಮ ನಿಧಿ ಎತ್ತಿಕೊಂಡು, ನಾಲ್ಕು ಗಂಟೆಯಾಯಿತೆಂದು ಸೊಪ್ಪು ಹಾಕಲು ಹೊರಟರು.

"ಅಮ್ಮನ ಹೆಸರು ಹೊಡೆದು ಹಾಕಿದೀನಿ," ಎಂದಳು ಕಾವ್ಯ. ಅವರ ಹೆಸರು ಪಟ್ಟಿಯಲ್ಲಿ ಇರಲೇ ಇಲ್ಲ!

ಈಗ ಪ್ರತಿ ಭಾನುವಾರ ದಿಬ್ಬೂರಹಳ್ಳಿಗೆ ಹೋಗಿ ಕುಣಿತದ ಅಭ್ಯಾಸ ಮಾಡುತ್ತಿದ್ದೇನೆ. ಯಾರೂ ನೋಡಬಾರದೆಂದು ಹುಳುಮನೆಯನ್ನೇ ಆರಿಸಿಕೊಂಡೆ. ಮೊದಲ ದಿನ ಚಪ್ಪಲಿ ಹೊರಗೆ ಬಿಟ್ಟೆ, ಕಾಲು ತೊಳೆದೆ. "ಹುಳ ಮೂರನೇ ಜ್ವರಕ್ಕೆ ಕೂತಿದಾವೆ, ಪೊರೆ ಬಿಡೋ ಹೊತ್ತು, ಮಲಗಿದ ಹಾಗೆ. ಸದ್ದು ಮಾಡ್ದೆ ಕುಣಿಯಮ್ಮ," ಎಂದರು ದೊಡ್ಡಮ್ಮ. ಹಾಡಿಲ್ಲದೆ ಕುಣಿದೆ. ತಟ್ಟೆಗಳಲ್ಲಿ ಸಾವಿರಾರು ಹುಳುಗಳು ತಲೆಯೆತ್ತಿ, ಒಂದಿಷ್ಟೂ ಅಲ್ಲಾಡದೆ ಕುಳಿತಿದ್ದವು. ನನ್ನ ಕುಣಿತಕ್ಕೆ ಇಷ್ಟು ಸಭ್ಯ ಪ್ರೇಕ್ಷಕರು ಚಿಂತಾಮಣಿಯಲ್ಲಿ ಸಿಗಲಾರರು.

ಮುಗಿಸಿ ಹೊರಡುವಾಗ ಬಾಗಿಲಲ್ಲಿ ತಿರುಗಿ, "ಬರ್ತೀನಿ," ಎಂದೆ.

ಪುಣ್ಯಕ್ಕೆ ಯಾವುದೂ ಏಳಲಿಲ್ಲ!