ರೊಟ್ಟಿ ತಿನ್ನುವ ಕೌದಿ ನಾರ್ವೆಗೆ ಹೋದದ್ದು

ಜೋಳದ ರೊಟ್ಟಿ ತಿನ್ನುವ ಯಾವುದೇ ವಸ್ತುವನ್ನು ಪ್ರಾಣಿಯೆಂದೇ ಪರಿಗಣಿಸತಕ್ಕದ್ದು ಎಂಬ ನಿಯಮವು ಶಹಾಬಾದಿನ ನಮ್ಮ ವಿದೇಶಿ ಪಾರ್ಸೆಲ್ ತಪಾಸಣಾ ಘಟಕದಲ್ಲಿ ೨೦೦೪ರಿಂದ ಜಾರಿಯಲ್ಲಿದೆ. ಘಟಕದ ಗುಮಾಸ್ತನಾದ ನಾನೇ ಅದನ್ನು ಟೈಪು ಮಾಡಿದ್ದೇನೆ. ಇದರಲ್ಲಿ ಹಲ್ಲು ಕಿಸಿಯುವಂಥದ್ದೇನೂ ಇಲ್ಲ. ಕಿಸಿಯುವವರು ಮೊದಲು ಸರದಿಯಲ್ಲಿ ನಿಂತು ಆಮೇಲೆ ಕಿಸಿಯಲಿ.

ಪ್ರಕರಣದ ಹಿನ್ನೆಲೆ ಇಷ್ಟು. ಹಳೇ ಸೀರೆ ಜೋಡಿಸಿ ಕೌದಿ ಹೊಲಿಯುವ ಮಾಣಿಕಮ್ಮ, ತೊಟ್ಟಿಲ ಅಳತೆಯ ಒಂದು ಸಣ್ಣ ಕೌದಿ ಹೊಲಿದಿದ್ದರು. ಬಸ್ ಸ್ಟ್ಯಾಂಡಿನ ಮುಂದೆ ಇಂಟರ್‌ನೆಟ್ ಅಂಗಡಿ ಇಟ್ಟಿದ್ದ ಅವರ ಅಕ್ಕನ ಮಗ ಸಂಘಪಾಲ ಅದರ ಫೋಟೊ ತೆಗೆದು ಆನ್‌ಲೈನ್ ಹರಾಜಿಗೆ ಹಾಕಿದ. ನಾರ್ವೆ ದೇಶದ ಇಂಗ್ರಿಡ್ ಎಂಬ ಬಸುರಿ ಹೆಣ್ಣುಮಗಳು ಸವಾಲು ಗೆದ್ದಳು. ಚಳಿಗಾಲದಲ್ಲಿ ಹೆರಿಗೆ, ಅಷ್ಟರೊಳಗೆ ಕೌದಿ ಮುಟ್ಟುತ್ತದೆಯೇ ಎಂದು ಬರೆದು ಕೇಳಿದಳು.

“ಮುಟ್ಟತದ ಅಂತ ಬರಿಯೋ ಸಂಘಪಾಲ,” ಅಂದರು ಮಾಣಿಕಮ್ಮ. “ಆ ಕೂಸು ಮೊದಲ ನಿದ್ದಿ ನನ್ನ ಕೌದಿ ಮ್ಯಾಲೇ ಮಾಡಬೇಕು. ಮಾಣಿಕಮ್ಮ ಮಾತು ಕೊಟ್ಟಾಳ ಅಂತ ಬರಿ.”

ಅವನು ಬರೆದ. ಪರದೇಶದವರಿಗೆ ಮಾತು ಕೊಡುವ ಮುನ್ನ ಘಟಕವನ್ನು ಒಂದು ಮಾತು ಕೇಳಬೇಕೆಂಬ ತಿಳಿವಳಿಕೆ ನಮ್ಮ ಮಂದಿಗೆ ಇನ್ನೂ ಬಂದಿಲ್ಲ.

ಕೌಂಟರಿನಲ್ಲಿ ನಮ್ಮ ಅಧಿಕಾರಿ ನಂದಕಿಶೋರ್ ಸಾಹೇಬರು ಎಲ್ಲರನ್ನೂ ಕೇಳುವಂತೆಯೇ ಮಾಣಿಕಮ್ಮನನ್ನೂ ಕೇಳಿದರು. “ಬರ್ರಿ, ಕುಂದ್ರಿ. ಒಳಗ ತಿನ್ನೋ ಸಾಮಾನು ಏನರ ಅದ ಏನ್ರಿ?”

“ಅದರೀ. ಒಂದು ಮೂಲಿಯೊಳಗ ರೊಟ್ಟಿ ತುಣುಕು ಇಟ್ಟು ಹೊಲದೀನಿ.”

ಕೌದಿ ಹಸಿದಿರಬಾರದೆಂದು ಹಾಗೆ ಇಡುವುದುಂಟು. ನನ್ನ ಅವ್ವನೂ ಇಡುತ್ತಿದ್ದಳು. ಆದರೆ ಅವ್ವ ನಾರ್ವೆಗೆ ಏನನ್ನೂ ಕಳಿಸಿದವಳಲ್ಲ.

“ಹಂಗಿದ್ರ ಇದು ಆಹಾರ ಆಯ್ತು,” ಅಂದರು ಸಾಹೇಬರು. “ರೊಟ್ಟಿ ತೆಗದು ಕೊಡ್ರಿ, ಇವತ್ತೇ ಹೋಗ್ತದ.”

“ಹಸಿದ ಕೌದಿ ಕೂಸಿಗಿ ಹೊಚ್ಚಬಾರದ್ರಿ, ಸಾಹೇಬ್ರ. ಮತ್ತ ಇದು ಮಂದಿ ತಿನ್ನೋ ರೊಟ್ಟಿ ಅಲ್ಲ. ಕೌದಿ ತಿನ್ನೋದು.”

ಸಾಹೇಬರು ಪೆನ್ನು ಕೆಳಗಿಟ್ಟು ಭಾಳ ಹೊತ್ತು ಯೋಚಿಸಿದರು. ಆಮೇಲೆ, ತಿನ್ನುವುದೆಲ್ಲ ಪ್ರಾಣಿ, ಪ್ರಾಣಿಗೆ ಪಶುವೈದ್ಯರ ಸರ್ಟಿಫಿಕೇಟು ಬೇಕು ಎಂದು ತೀರ್ಪು ಕೊಟ್ಟರು. ಆ ತರ್ಕದಲ್ಲಿ ತೂತು ಇರಲಿಲ್ಲ. ನಾನು ಹುಡುಕಿ ನೋಡಿದ್ದೇನೆ.

“ರೊಕ್ಕ ತಿನ್ನಾವ್ರು ಯಾವುದರಾಗ ಬರ್ತಾರ್ರಿ?” ಎಂದು ಸಂಘಪಾಲ ಕೇಳಿದ.

“ಅದು ಬ್ಯಾರೆ ಶಾಖಾ,” ಎಂದು ಸಾಹೇಬರು ಸಮಾಧಾನದಿಂದಲೇ ಉತ್ತರಿಸಿದರು.

ಘಟಕದ ಪಶುವೈದ್ಯ ತಮ್ಮಣ್ಣನವರು ಬಂದು ಕೌದಿಯನ್ನು ತಿರುವಿ ಮುರುವಿ ನೋಡಿ, ಹಲ್ಲು ಬಂದಿಲ್ಲ, ಎಳೆಯದು ಎಂದು ಬರೆಸಿದರು. ಕೊನೆಗೆ ಮಾಣಿಕಮ್ಮನ ಕಡೆ ತಿರುಗಿದರು. “ಕಡೀತದೇನ್ರಿ?”

ಮಾಣಿಕಮ್ಮ ಸುಳ್ಳು ಹೇಳುವ ಹೆಂಗಸಲ್ಲ. “ಹೊಸಾದು ಅದ ಅಲ್ರೀ, ನಾಕ ದಿನ ಮೈಯೆಲ್ಲ ಕಡೀತದ. ಒಗದ ಮ್ಯಾಲ ಸುಮ್ಮನಾಗ್ತದ.”

‘ಕಡಿಯುವ ಸ್ವಭಾವ. ಒಗೆತಕ್ಕೆ ಬಗ್ಗುತ್ತದೆ’ ಎಂದು ದಾಖಲಾಯಿತು. ಕಡಿಯುವ ಪ್ರಾಣಿಯನ್ನು ಬಿಡುವಂತಿಲ್ಲ. ನಾಯಿ ಕಡಿತದ ಸೂಜಿ ಚುಚ್ಚಿ, ಚಂದಾಪುರದಲ್ಲಿದ್ದ ಘಟಕದ ಕೊಟ್ಟಿಗೆಯಲ್ಲಿ ಗೂಟಕ್ಕೆ ಕಟ್ಟಲಾಯಿತು. ಯಾರಾದರೂ ಹೊಚ್ಚಿಕೊಂಡು ಮಲಗಿ, ಕಡಿಯಲಿಲ್ಲ ಎಂದು ಬರೆದುಕೊಟ್ಟರೆ ಬಿಡುಗಡೆ. ಇದಕ್ಕಾಗಿ ‘ಹೊಚ್ಚಿಕೊಳ್ಳುವ ಸಹಾಯಕ’ ಎಂಬ ಹುದ್ದೆ ಮಂಜೂರಾಯಿತು. ಜಿಲ್ಲೆಯೆಲ್ಲ ಜಾಲಾಡಿದಾಗ, ಅದಕ್ಕೆ ಬೇಕಾದ ಅರ್ಹತೆ ಸಾಹೇಬರ ಅಳಿಯ ಅಭಯನಲ್ಲಿ ಮಾತ್ರ ಕಂಡುಬಂತು.

ಅಭಯ ನಿಷ್ಠೆಯಿಂದ ಮಲಗಿದ. ಕೌದಿ ತೊಟ್ಟಿಲಿನದು, ಅಭಯ ಆರಡಿಯವನು. ‘ಮೊಣಕಾಲಿನ ಮಟ್ಟಿಗೆ ಕಡಿದಿಲ್ಲ. ಉಳಿದ ಅಂಗಗಳ ಪರೀಕ್ಷೆ ಬಾಕಿ’ ಎಂದು ಮೊದಲ ವರದಿ ಬಂತು. ಅಂಗಗಳು ದೇವರ ದಯದಿಂದ ಬೇಕಾದಷ್ಟಿದ್ದವು, ಸಂಬಳವೂ ತಪ್ಪದೆ ಬರುತ್ತಿತ್ತು.

ಅತ್ತ ನಾರ್ವೆಯಲ್ಲಿ ಕೂಸು ಹುಟ್ಟಿತು. ಇಂಗ್ರಿಡ್ ಕಳಿಸಿದ ಫೋಟೊದಲ್ಲಿ ಅದು ಯಾವುದೋ ದವಾಖಾನೆಯ ಟವೆಲಿನೊಳಗೆ ಮಲಗಿತ್ತು. ಮಾಣಿಕಮ್ಮ ಕಂಪ್ಯೂಟರಿನ ಗಾಜು ಸವರಿ ಸವರಿ ಅತ್ತರು. “ನನ್ನ ಮಾತು ಮಣ್ಣುಪಾಲಾಯ್ತಲ್ಲೋ ಯಪ್ಪಾ. ಆಕಿಗಿ ಹ್ಯಾಂಗ ಮಾರಿ ತೋರಸ್ಲಿ?”

“ಅಳಬ್ಯಾಡ ಚಿಗವ್ವ. ಸವಾಲು ರದ್ದು ಮಾಡ್ತೀರೇನು ಅಂತ ಕೇಳೀನಿ. ಒಲ್ಲೆ ಅಂದಾಳ. ಕೌದಿ ಆರಾಮ ಅದ ಏನು, ಊಟ ಮಾಡತದ ಏನು ಅಂತ ಕೇಳ್ಯಾಳ.”

ಮಾಣಿಕಮ್ಮ ಮರುದಿನವೇ ಸುಲೇಪೇಟದ ಮೇಲಿಂದ ಹೋಗುವ ಬಸ್ಸು ಹತ್ತಿ ಚಂದಾಪುರಕ್ಕೆ ಹೋದರು. ಕೌದಿಯನ್ನು ಗೂಟದಿಂದ ಬಿಚ್ಚಿ, ಬಿಸಿಲಿಗೆ ಹಾಕಿ, ಝಾಡಿಸಿ, ಮತ್ತೆ ಕಟ್ಟಿ ಬಂದರು. ಆಮೇಲೆ ಇದೇ ರೂಢಿಯಾಯಿತು. ಕೊಟ್ಟಿಗೆಯವರು ಅವರಿಗೆ ಭೇಟಿಯ ಪಾಸು ಮಾಡಿಕೊಟ್ಟರು.

ಅಭಯನ ನೌಕರಿ ಖಾಯಂ ಆದ ವಾರವೇ ಕೌದಿ ಯಾರಿಗೂ ಕಡಿಯುವುದಿಲ್ಲವೆಂದು ಸಾಬೀತಾಯಿತು. ಕೊರಳಿಗೆ ಬಿಲ್ಲೆ ಕಟ್ಟಿಕೊಂಡು ಅದು ವಾಡಿಯಿಂದ ರೈಲು ಹತ್ತಿತು. ಇಂಗ್ರಿಡ್ ಹರಾಜಿನ ತಾಣದಲ್ಲಿ ಐದು ನಕ್ಷತ್ರ ಕೊಟ್ಟಳು. ‘ಭಾಳ ಸಾಧು ಸ್ವಭಾವ. ಮನೆಯವರಿಗೆಲ್ಲ ಹೊಂದಿಕೊಂಡಿದೆ.’ ಜೊತೆಗೆ ಫೋಟೊ. ಹುಡುಗಿ ಶಾಲೆಗೆ ಹೋಗುವಷ್ಟು ದೊಡ್ಡವಳಾಗಿದ್ದಳು. ಎದೆಯ ತನಕ ಎಳೆದುಕೊಂಡರೆ ಕಾಲು ಹೊರಗೆ, ಕಾಲು ಮುಚ್ಚಿದರೆ ಎದೆ ಹೊರಗೆ.

“ಅಯ್ಯ, ಕೂಸಿನ ಕಾಲು ಥಂಡಿಗಿ ಸೆಟದಾವ!” ಅಂದವರೇ ಮಾಣಿಕಮ್ಮ, ಕೌದಿಗೆ ಜೋಡಿಸಲು ಮೊಳಕ್ಕಿಂತ ಹೆಚ್ಚು ಅಗಲದ ಒಂದು ಪಟ್ಟಿ ಹೊಲಿದು ನಮ್ಮ ಕೌಂಟರಿಗೆ ಬಂದರು.

“ಏನ್ರಿ ಇದು?” ಎಂದು ಸಾಹೇಬರು ಕೇಳಿದರು.

“ಅದರ ಮರೀರಿ,” ಅಂದರು ಮಾಣಿಕಮ್ಮ. ಮುಖದಲ್ಲಿ ನಗೆಯ ಸುಳಿವಿರಲಿಲ್ಲ.

“ಹಾಲು ಬಿಟ್ಟದ?”

“ಬಿಟ್ಟು ಭಾಳ ದಿನ ಆಯ್ತರಿ. ಸೂಜಿ ಜಲ್ದಿ ಹಾಕಸ್ರಿ.”

ಸಾಹೇಬರು ತೃಪ್ತಿಯಿಂದ ತಲೆದೂಗಿದರು. ಆಗ ಸರದಿಯಲ್ಲಿ ನೂಕಾಟ ಶುರುವಾಯಿತು. ಹತ್ತಿ ತುಂಬಿದ ದಪ್ಪನೆಯ ರಜಾಯಿಯೊಂದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತಿದ್ದ ಆಶಾಬಿ ಎಂಬಾಕೆ ಹಿಂದಿನವರ ಮೇಲೆ ರೇಗಿದಳು. “ದೂಕಬ್ಯಾಡ್ರಿ, ಇದು ಗಬ್ಬ ಅದ!”

ಮಾಣಿಕಮ್ಮ ಲಗುಬಗೆಯಿಂದ ಪಕ್ಕಕ್ಕೆ ಸರಿದು ಜಾಗ ಮಾಡಿದರು. “ಮೊದಲೇ ಹೇಳಬಾರದೇನವ್ವ? ನೀ ಮುಂದ ಬಾ. ಪಾಪ, ಎಷ್ಟೊತ್ತಂತ ನಿಂದರತದ.”