ಕಂಪ್ಯೂಟರಿನಲ್ಲಿ ಕಟ್ಟಿದ ದನಗಳು

ಹಾಲಿನ ಸೊಸೈಟಿಗಳಿಗೆ ಸೇರಿದ ಮೂರು ತಾಲೂಕಿನ ದನಗಳ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಬಂಟ್ವಾಳದ ನಮ್ಮ ಆಫೀಸಿನಲ್ಲಿ ನಗದೆ ಮನೆಗೆ ಹೋದ ದಿನ ಕಡಿಮೆ.

ಎಷ್ಟು ಲಕ್ಷ್ಮಿಯರು?

ಒಂದೇ ಮಾಹಿತಿ ಎರಡೆರಡು ಸಲ ಸೇರಿದ್ದರೆ ಹುಡುಕಿ ಅಳಿಸುವ ಹೊಸ ಸಾಫ್ಟ್‌ವೇರ್ ಬಂತು. ಓಡಿಸಿದ್ದೇ ತಡ, ಪರದೆ ತುಂಬ ಕೆಂಪು. ಎಲ್ಲವೂ ಮಿಜಾರು ಊರಿನ ಲಕ್ಷ್ಮಿ ಎಂಬ ದನ!

"ಒಂದನ್ನು ಇಟ್ಟು ಉಳಿದದ್ದು ಅಳಿಸಿಬಿಡಿ ಮೇಡಂ," ಎಂದರು ಮ್ಯಾನೇಜರ್.

"ಸರ್, ಅಲ್ಲಿ ಹಟ್ಟಿಗೊಬ್ಬಳು ಲಕ್ಷ್ಮಿ ಇದ್ದಾಳೆ. ಅಳಿಸಿದರೆ ಉಳಿದವರಿಗೆ ಲಸಿಕೆ ಸಿಗಲಿಕ್ಕಿಲ್ಲ."

ಹೆಸರನ್ನು ಬಿಟ್ಟು ಕಿವಿಯ ಬಿಲ್ಲೆಯ ನಂಬರಿನಿಂದ ಹೊಂದಿಸಿ ನೋಡುವಂತೆ ಮಾಡಿದೆ. ಲಕ್ಷ್ಮಿಯರೆಲ್ಲ ಉಳಿದರು. ಮ್ಯಾನೇಜರ್ ಹತ್ತಿರ ಬಂದು ಮೆಲ್ಲ ಹೇಳಿದರು: "ನಮ್ಮ ಮನೆಯವಳ ಹೆಸರೂ ಅದೇ. ನಾನು ಅಳಿಸಲು ಹೇಳಿದ್ದು ಎಲ್ಲೂ ಬಾಯಿಬಿಡಬೇಡಿ ಮಾರಾಯ್ರೆ."

ಹುಡುಕಿಕೊಟ್ಟವಳು

ಕಾಲುಬಾಯಿ ರೋಗದ ಲಸಿಕೆ ಶುರುವಾಗುವ ಬೆಳಿಗ್ಗೆಯೇ ಸರ್ವರ್ ಕೈಕೊಟ್ಟಿತು. ಯಾವ ದನಕ್ಕೆ ಯಾವ ಲಸಿಕೆ ಆಗಿದೆ ಎಂಬುದೆಲ್ಲ ಮಾಯ. ಡಾಕ್ಟರರು ಜೀಪಿನಲ್ಲಿ ಚಾ ಕುಡಿಯುತ್ತ ಕಾಯುತ್ತಿದ್ದರು. ಪುಣ್ಯಕ್ಕೆ, ಪ್ರತಿ ಸಂಜೆ ಮೂಡುಬಿದಿರೆಯ ಶಾಖೆಯಲ್ಲೊಂದು ಬ್ಯಾಕಪ್ ತಾನಾಗಿ ಉಳಿಯುವಂತೆ ನಾನು ಮೊದಲೇ ಏರ್ಪಾಡು ಮಾಡಿದ್ದೆ. ಅವರ ಚಾ ಮುಗಿಯುವುದರೊಳಗೆ ಎಲ್ಲ ವಾಪಸ್. ಒಂದು ಕರುವಿನ ಮಾಹಿತಿಯೂ ತಪ್ಪಿರಲಿಲ್ಲ.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ.

"ದನಗಳು ಕಳೆದುಹೋಗಿದ್ದವಾ?"

"ದನ ಅಲ್ಲಮ್ಮ, ಅವುಗಳ ಮಾಹಿತಿ."

ಅಮ್ಮ ಅರ್ಧ ಕೇಳಿ ಹೊರಗೆ ಹೋಗಿಯಾಗಿತ್ತು. ಕಂಪೌಂಡಿನಾಚೆಗೆ ಕೇಳುವಂತೆ ಅವಳ ಸ್ವರ: "ಮೂರು ತಾಲೂಕಿನ ದನ ಕಾಣೆಯಾಗಿತ್ತಂತೆ. ನನ್ನ ಮಗಳು ಕೂತಲ್ಲಿಂದಲೇ ಹುಡುಕಿಕೊಟ್ಟಳು!"

ಎದೆಯುಬ್ಬಿತು, ಸುಳ್ಳೇಕೆ ಹೇಳಲಿ. ಮರುದಿನ ಬೆಳಿಗ್ಗೆ ಪಕ್ಕದ ಮನೆಯವರು ಅಂಗಳದಲ್ಲಿ ನಿಂತಿದ್ದರು: "ನಮ್ಮ ಕರು ನಿನ್ನೆಯಿಂದ ಕಾಣುವುದಿಲ್ಲ ಮಗಾ. ಅದನ್ನೂ ಸ್ವಲ್ಪ ಒತ್ತಿ ನೋಡುವೆಯಾ?"

ನಿಷ್ಕ್ರಿಯ

ಬಹಳ ಕಾಲ ಹೊಸ ಮಾಹಿತಿ ಬಾರದ ದನಗಳ ದಾಖಲೆಯನ್ನು ಸಾಫ್ಟ್‌ವೇರ್ ತಾನಾಗಿ ಬೇರೆ ಕಡೆ ತೆಗೆದಿಟ್ಟು, ಮಾಲೀಕರಿಗೆ ಮೆಸೇಜ್ ಕಳಿಸುತ್ತದೆ. ಬೆಳ್ತಂಗಡಿ ಕಡೆಯ ಒಬ್ಬರು ಅಜ್ಜಿಗೆ ಹೋದ ಮೆಸೇಜ್ ಹೀಗಿತ್ತು: "ನಿಮ್ಮ ದನವನ್ನು ನಿಷ್ಕ್ರಿಯಗೊಳಿಸಲಾಗಿದೆ."

ಮಧ್ಯಾಹ್ನ ಆಫೀಸಿನೆದುರು ಒಂದು ಪಿಕಪ್ ನಿಂತಿತು. ಅಜ್ಜಿ ಇಳಿದರು. ಹಿಂದೆಯೇ ದನವೂ ಇಳಿಯಿತು.

"ಯಾರು ನನ್ನ ದನವನ್ನು ಹಾಗೆ ಮಾಡಿದ್ದು? ಹೊತ್ತು ಹೊತ್ತಿಗೆ ಹಾಲು ಕೊಡುವ ದನ! ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡುವುದು ಅದೇ."

ನಾನು ಕ್ಷಮೆ ಕೇಳಿ, ದಾಖಲೆಯನ್ನು ವಾಪಸ್ ತರಲು ಕೂತೆ. ನಿಯಮ ಬಿಡದ ಮ್ಯಾನೇಜರ್ ಬಾಗಿಲಿಗೆ ಬಂದು, "ಆಗಬಹುದು, ಆದರೆ ಸಕ್ರಿಯವಾಗಿದೆ ಎನ್ನಲು ಪುರಾವೆ ಏನಾದರೂ ಬೇಕಲ್ಲ ಅಜ್ಜಿ?" ಎಂದರು.

ದನ ಬಾಲವೆತ್ತಿತು. ತೊಳೆದಿಟ್ಟ ಮೆಟ್ಟಿಲ ಮೇಲೆ, ಮ್ಯಾನೇಜರರ ಚಪ್ಪಲಿಯ ಪಕ್ಕದಲ್ಲೇ, ದೊಡ್ಡದೊಂದು ಮುದ್ದೆ ಬಿತ್ತು.

ಅಜ್ಜಿ ಸೆರಗು ಸರಿಮಾಡಿಕೊಂಡು ಹೆಮ್ಮೆಯಿಂದ ನಿಂತರು.

"ಇಕೊಳ್ಳಿ, ಬಿಸಿ ಉಂಟು. ಕಂಪ್ಯೂಟರಿಗೆ ಹಾಕಿ."